ಏಳನೇ ತಾಣದ ಫಲಕ

ಕತ್ತರಿ ಸಾಹೇಬರಿಗೆ ಆ ಹೆಸರು ಇಟ್ಟವಳು ನೀರಕ್ಕ. ಅವಳಿಗೆ ನೀರಕ್ಕ ಎಂದು ಹೆಸರಿಟ್ಟವರು ಯಾರೋ, ಅವಳಿಗೇ ಮರೆತುಹೋಗಿತ್ತು. ಇಪ್ಪತ್ತೊಂದು ವರ್ಷದಿಂದ ರಬ್ಬರ್ ಬೂಟು ಹಾಕಿಕೊಂಡು ನದಿಗೆ ಇಳಿಯುವುದು, ಹನ್ನೆರಡು ತಾಣಗಳಲ್ಲಿ ಬಾಟಲಿಗೆ ನೀರು ತುಂಬುವುದು, ಮೀನು ಹಿಡಿಯುವುದು, ಮಿಂಚುಳ್ಳಿಯನ್ನು ಬಲೆಗೆ ಕೆಡವಿ ಒಂದು ಗರಿ ತೆಗೆದು ಬಿಟ್ಟುಬಿಡುವುದು, ಎಲ್ಲಕ್ಕೂ ಚೀಟಿ ಅಂಟಿಸಿ ಪಾದರಸ ಎಷ್ಟಿದೆ ನೋಡಿ ಎಂದು ಲ್ಯಾಬಿಗೆ ಕಳಿಸುವುದು, ಇದೇ ಅವಳ ಕೆಲಸ. ನದಿಗೆ ಪಾದರಸ ಬಿಟ್ಟ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿತ್ತು. ಮಾಲೀಕರು ಹೋದರು, ಗೋಡೆಗಳು ಬಿದ್ದವು, ಪಾದರಸ ಮಾತ್ರ ಎಲ್ಲಿಗೂ ಹೋಗದೆ ನದಿಯ ತಿರುವಿನ ಕೆಸರಿನಲ್ಲಿ ಠಿಕಾಣಿ ಹೂಡಿತು. ಆ ತಿರುವೇ ಏಳನೇ ತಾಣ.

ಸಾಹೇಬರು ಬಂದದ್ದು ಈ ಕೆಲಸವನ್ನು 'ಸರಳ' ಮಾಡಲು. ಒಂದು ತಿಂಗಳು ಆಫೀಸಿನಲ್ಲಿ ಕೂತರು. ನದಿಯನ್ನು ಗೋಡೆಯ ಪರದೆ ಮೇಲೆ ನೋಡಿದರು. ಶೂ ಒದ್ದೆಯಾಗಲಿಲ್ಲ.

"ಏಳರಲ್ಲಿ ಹದಿನೈದು ವರ್ಷದಿಂದ ಒಂದೇ ಉತ್ತರ ಬರ್ತಿದೆ," ಎಂದರು ಸಭೆಯಲ್ಲಿ. "ಮತ್ತೆ ಮತ್ತೆ ಕೇಳೋದು ಯಾಕೆ?"

"ಉತ್ತರ ಕೆಟ್ಟದಿದೆಯಲ್ಲ ಸಾರ್, ಅದಕ್ಕೆ."

"ಕೆಟ್ಟದೋ ಒಳ್ಳೇದೋ, ಸ್ಥಿರವಾಗಿದೆ."

ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರನ್ನು ಬಿಸಾಡುವ ವೈದ್ಯರನ್ನು ನೀರಕ್ಕ ಅಂದೇ ಮೊದಲು ಕಂಡದ್ದು. ಸಾಹೇಬರು ಅಳೆದೂ ಸುರಿದೂ ಹನ್ನೆರಡು ತಾಣಗಳಲ್ಲಿ ಮೂರನ್ನು ಉಳಿಸಿದರು. ಮೊದಲನೆಯದು ಸೇತುವೆ. ಅದು ಕಾರ್ಖಾನೆಗಿಂತ ಮೇಲಿದೆ, ಅಲ್ಲಿಗೆ ಪಾದರಸ ಬರಬೇಕಾದರೆ ನದಿಯೇ ಹಿಂದಕ್ಕೆ ಹರಿಯಬೇಕು. ಆದರೆ ಅಲ್ಲಿ ಕಾರು ನಿಲ್ಲಿಸಲು ನೆರಳಿತ್ತು. ಮಿಂಚುಳ್ಳಿ ಹಿಡಿಯಲು ಬೆಳಗಿನಿಂದ ಕಾಯಬೇಕು, ಹಾಗಾಗಿ ಅದಕ್ಕೆ ಕೊಕ್. ಕಾರಿನ ಗಾಜು ಏರಿಸಿಕೊಂಡೇ ಎಣಿಸಬಹುದೆಂದು ಬಾತುಕೋಳಿ ಉಳಿಯಿತು. ಮಿಂಚುಳ್ಳಿ ಮೀನು ತಿನ್ನುತ್ತದೆ, ಬಾತುಕೋಳಿ ಪಾಚಿ ತಿನ್ನುತ್ತದೆ. ಪಾದರಸ ಯಾವುದರಲ್ಲಿ ಹೆಚ್ಚಿರುತ್ತದೆ ಎಂಬುದು ಅಂಗೈ ಹುಣ್ಣಿನಷ್ಟು ಸ್ಪಷ್ಟ, ಆದರೆ ಈ ಮಹಾನುಭಾವರಿಗೆ ಕನ್ನಡಿಯೂ ಸಾಲದು.

ಒಬ್ಬ ಮೇಲಧಿಕಾರಿಗೆ ನೀರುನಾಯಿ ಕಂಡರೆ ಬಲು ಪ್ರೀತಿ. ಅವರ ಮನಸ್ಸು ನೋಯಬಾರದೆಂದು ಹೊಸ ನಮೂನೆಯಲ್ಲಿ 'ಇತರೆ ಜೀವಿ' ಎಂಬ ಸಾಲೊಂದು ಉಳಿಯಿತು. ಹಳೆಯ, ಹೊಸ ಪಟ್ಟಿ ಎರಡರಲ್ಲೂ ಇಲ್ಲದ ಯಾವ ಜೀವಿಯ ಮಾದರಿಯನ್ನಾದರೂ ಎಲ್ಲಿಂದಲಾದರೂ ಕಳಿಸಬಹುದು, ಒಂದೇ ಒಂದು ಮಾದರಿ ಮಿತಿ ಮೀರಿದರೂ ಅಲ್ಲಿ ಎಚ್ಚರಿಕೆಯ ಫಲಕ ಹಾಕತಕ್ಕದ್ದು. ಅದರ ಕೆಳಗೇ ಇನ್ನೊಂದು ನಿಯಮ: ಅಳತೆ ನಿಂತ ತಾಣದಲ್ಲಿ ಫಲಕ ಇರತಕ್ಕದ್ದಲ್ಲ.

ಏಳರ ಫಲಕದ ಮೇಲೆ ಇದ್ದದ್ದು ಇಷ್ಟೇ: 'ಇಲ್ಲಿಯ ಮೀನು ತಿನ್ನಬೇಡಿ.' ಅದನ್ನು ಕಿತ್ತು ತರುವ ಆದೇಶ ಬಂದದ್ದು ನೀರಕ್ಕನ ಹೆಸರಿಗೇ. ಹೋದಳು. ನಾಲ್ಕು ಸ್ಕ್ರೂ ಬಿಚ್ಚಿದಳು. ಯಾಕೆ ಬಿಚ್ಚಿದೆ ಎಂದು ಆಮೇಲೆ ತನ್ನನ್ನೇ ಎಷ್ಟೋ ಸಲ ಬೈದುಕೊಂಡಳು. ಸಾಹೇಬರ ಬುದ್ಧಿಗೇಡಿತನ ಒಂದು ಕಡೆಯಾದರೆ, ತನ್ನ ವಿಧೇಯತೆ ಅದಕ್ಕಿಂತ ಕಡೆ ಅನ್ನಿಸುತ್ತಿತ್ತು. ಏಳರಿಂದ ಗುಟ್ಟಾಗಿ ಎರಡು ಸಲ ಮೀನು ಕಳಿಸಿ ನೋಡಿದಳು. ಪಟ್ಟಿಯಲ್ಲಿಲ್ಲದ ತಾಣ ಎಂದು ಡಬ್ಬಿ ತೆರೆಯದೆಯೇ ವಾಪಸ್ ಬಂತು.

ಎಂಟು ತಿಂಗಳಾದ ಮೇಲೆ ತಂಗಿಯ ಮಗಳು ಮನೆಗೆ ಬಂದಳು. ಅವಳನ್ನು ಕೊಟ್ಟದ್ದು ತಿರುವಿನ ಪಕ್ಕದ ಮನೆಗೇ. ಫಲಕ ಇದ್ದಷ್ಟು ಕಾಲ ಆ ಮನೆಯವರು ಅಲ್ಲಿಯ ಮೀನು ಮುಟ್ಟಿರಲಿಲ್ಲ, ಈಗಲೂ ಮುಟ್ಟರೆಂದೇ ನೀರಕ್ಕ ನಂಬಿದ್ದಳು. ಆರು ತಿಂಗಳ ಬಸುರಿ. ಕೈಯಲ್ಲೊಂದು ಡಬ್ಬಿ, ಡಬ್ಬಿಯಲ್ಲಿ ಹುರಿದ ಮೀನು.

"ತಿನ್ನು ದೊಡ್ಡಮ್ಮ. ಇವರು ಮನೆ ಹಿಂದೇನೇ ಹಿಡಿದಿದ್ದು. ಮಗುಗೆ ಒಳ್ಳೇದು ಅಂತ ಅತ್ತೆ ದಿನಾ ಮಾಡಿಕೊಡ್ತಾರೆ."

ನೀರಕ್ಕ ಡಬ್ಬಿಯನ್ನು ದೂರ ಸರಿಸಿದಳು. "ದಿನಾನಾ? ಎಷ್ಟು ದಿನದಿಂದ?"

"ಬೋರ್ಡ್ ತೆಗೆದಾಗಿಂದ ತಿಂತಿದ್ದೀವಿ. ಬಸುರಿ ಆದ್ಮೇಲೆ ದಿನಾ."

"ಮುಟ್ಟಬೇಡ ಅದನ್ನ. ಇವತ್ತೇ ಬಿಟ್ಟುಬಿಡು. ಅಲ್ಲಿ ವಿಷ ಹಾಗೇ ಇದೆ ಕಣೇ."

"ನಾನು ಬಿಡ್ತೀನಿ. ಅತ್ತೆ ನಂಬಬೇಕಲ್ಲ?" ಹುಡುಗಿ ತಲೆ ತಗ್ಗಿಸಿದಳು. "ನಿಮ್ಮ ದೊಡ್ಡಮ್ಮನೇ ಅಲ್ವಾ ಬೋರ್ಡ್ ಕಿತ್ಕೊಂಡು ಹೋಗಿದ್ದು, ಅಂತಾರೆ."

ಬೇರೆ ಯಾರಾದರೂ ಅಂದಿದ್ದರೆ ನೀರಕ್ಕ ಜಗಳಕ್ಕೆ ನಿಲ್ಲುತ್ತಿದ್ದಳು. ಎದ್ದು ಒಳಗೆ ಹೋಗಿ ಗರಿ ಕತ್ತರಿಸುವ ಸಣ್ಣ ಕತ್ತರಿ ತಂದಳು. ಗರಿಯಲ್ಲಿ ಪಾದರಸ ನಿಲ್ಲುವ ಹಾಗೆಯೇ ಕೂದಲಲ್ಲೂ ನಿಲ್ಲುತ್ತದೆ. ಹುಡುಗಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಅವಳು ಹೂಂ ಅಂದ ಮೇಲೆ, ಜಡೆ ಬಿಚ್ಚಿ ಹಿಂದಲೆಯಿಂದ ಒಂದು ಕುಚ್ಚು ಕೂದಲನ್ನು ಬುಡದಲ್ಲೇ ಕತ್ತರಿಸಿ ಕವರಿಗೆ ಹಾಕಿದಳು. ನಮೂನೆಯನ್ನು ತನ್ನ ದುಂಡು ಅಕ್ಷರದಲ್ಲಿ ತುಂಬಿದಳು. ತಾಣ: ಏಳು. ಇತರೆ ಜೀವಿ: ಮನುಷ್ಯ. ಇಪ್ಪತ್ತೊಂದು ವರ್ಷದಲ್ಲಿ ಒಂದು ಸುಳ್ಳು ಚೀಟಿಯನ್ನೂ ಅಂಟಿಸಿದವಳಲ್ಲ ಅವಳು.

ಲ್ಯಾಬಿನವನು ಫೋನ್ ಮಾಡಿದ. "ಅಕ್ಕಾ, ಇದೇನಿದು, ಮನುಷ್ಯ ಅಂತ ಬರೆದಿದ್ದೀರಿ?"

"ಮನುಷ್ಯ ನಿಮ್ಮ ಪಟ್ಟೀಲಿ ಇದ್ದಾನಾ?"

"ಇಲ್ಲ."

"ಮತ್ತೆ? ಇತರೆ ಜೀವಿನೇ ತಾನೇ. ಮೆಷಿನ್‌ಗೆ ಹಾಕಪ್ಪ."

ಹತ್ತು ದಿನ ನೀರಕ್ಕ ಎರಡು ದೇವರಿಗೆ ಎರಡು ಹರಕೆ ಹೊತ್ತವಳಂತೆ ಒದ್ದಾಡಿದಳು. ಸಂಖ್ಯೆ ಜಾಸ್ತಿ ಬಂದರೆ ಫಲಕ ವಾಪಸ್ ಬರುತ್ತದೆ, ಕಡಿಮೆ ಬಂದರೆ ಹುಡುಗಿ ಬಚಾವು. ಎರಡನ್ನೂ ಒಟ್ಟಿಗೆ ಬೇಡುವ ಹಾಗಿರಲಿಲ್ಲ. ಸಂಖ್ಯೆ ಬಂತು. ಮಿತಿಯ ಮೂರು ಪಟ್ಟು.

ಫಲಕ ಅವಳ ಮನೆಯ ಬಾಗಿಲ ಹಿಂದೆಯೇ ಇತ್ತು, ಸ್ಕ್ರೂಗಳು ಬೆಂಕಿಪೊಟ್ಟಣದಲ್ಲಿದ್ದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ನಾಲ್ಕನ್ನೂ ತಿರುಗಿಸಿ ಬಿಗಿ ಮಾಡಿದಳು. ಹುಡುಗಿಯ ಅತ್ತೆ ಅಂಗಳದಲ್ಲಿ ನಿಂತು ನೋಡುತ್ತಿದ್ದರು. ನೀರಕ್ಕ ಲ್ಯಾಬಿನ ಕಾಗದ ತೋರಿಸಿದಳು. ಅತ್ತೆ ಓದಿದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು, ಪಾತ್ರೆಯಲ್ಲಿದ್ದ ಮೀನನ್ನು ತಂದು ತಿಪ್ಪೆಗೆ ಸುರಿದರು.

ಮರುದಿನ ಆಫೀಸಿನಲ್ಲಿ ಕತ್ತರಿ ಸಾಹೇಬರು ಎಲ್ಲರೆದುರು ಅವಳ ಬೆನ್ನು ತಟ್ಟಿದರು. ಮುಖದಲ್ಲಿ ಗೆದ್ದ ಕಳೆ.

"ನೋಡಿದ್ರಾ? ಹನ್ನೆರಡು ತಾಣ, ವರ್ಷಕ್ಕೆ ಮುನ್ನೂರು ಮಾದರಿ ಅಂತ ಒದ್ದಾಡ್ತಿದ್ರಿ. ಒಂದೇ ಒಂದು ಮಾದರಿಯಲ್ಲಿ ಕೆಲಸ ಆಯ್ತು."

"ಒಂದಲ್ಲ ಸಾರ್," ಎಂದಳು ನೀರಕ್ಕ. "ಬಸುರಿ ಅವಳು. ಎರಡು."

ಸಾಹೇಬರು ನಮೂನೆಯನ್ನು ತಿರುವಿ ನೋಡಿದರು. ಎರಡನೆಯದಕ್ಕೆ ಅಲ್ಲಿ ಸಾಲಿರಲಿಲ್ಲ. ಒಂದು ಎಂದೇ ಬರೆದುಕೊಂಡರು.