ಹಿಂಡಿ ತಿಂದವರ ಮಾತು

“ನುಂಗಲೇ ದುರಗಿ! ಹಿಂಗ ಬಾಯಿ ಮುಚ್ಚಿಕೊಂಡು ಕುಂತರ ಸಂಶೋಧನಿ ನಿಮ್ಮಪ್ಪ ಮಾಡ್ತಾನೇನು?”

ಸಾವುಕಾರ ಅಂದಾನಪ್ಪ ಚೀರಿದ. ಬೆಟಗೇರಿಯ ಅವನ ಎಣ್ಣೆ ಗಿರಣಿಯಲ್ಲಿ ಶೇಂಗಾ ಆರಿಸುವ ದುರಗವ್ವ ಬಾಯೊಳಗಿನ ತುತ್ತನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದಳು. ಅದು ಎಣ್ಣೆ ತೆಗೆದು ಉಳಿದ ಹಿಂಡಿ. ಮೊನ್ನೆಮೊನ್ನೆಯವರೆಗೆ ದನಗಳ ಮುಂದೆ ಇಡುತ್ತಿದ್ದದ್ದು, ಈಗ ಹಿಟ್ಟಾಗಿ, ರೊಟ್ಟಿಯಾಗಿ ಗಿರಣಿಯ ಹೆಂಗಸರ ಮಧ್ಯಾಹ್ನದ ಊಟವಾಗಿತ್ತು.

ವಿಶ್ವವಿದ್ಯಾಲಯದ ಪಾಂಡುರಂಗ ಮಾಸ್ತರರೂ ಸಾವುಕಾರನೂ ಕೂಡಿ ಹೂಡಿದ ಪ್ರಯೋಗವಿದು. ಹಿಂಡಿ ಬಡವರಿಗೆ ಒಳ್ಳೆಯದೆಂದು ತೋರಿಸುವುದು ಮಾಸ್ತರರ ಪಾಲು, ಡಬ್ಬಿಗೆ ತುಂಬಿ ಮಾರುವುದು ಸಾವುಕಾರನ ಪಾಲು. ತಿನ್ನುವ ಪಾಲು ಮಾತ್ರ ಯಾರನ್ನೂ ಕೇಳದೆ ಹೆಂಗಸರಿಗೆ ಬಂದಿತ್ತು.

“ಹೊಟ್ಟಿ ಕಡಿತೈತ್ರಿ ಮಾಸ್ತರ. ನೀವೂ ಒಂದು ತುತ್ತು ತಿಂದು ನೋಡ್ರಿ,” ಎಂದಳು ದುರಗವ್ವ, ಎದುರಿಗೆ ಬರೆದುಕೊಳ್ಳುತ್ತ ಕುಳಿತಿದ್ದ ಮಾಸ್ತರರಿಗೆ.

“ನಾ ತಿಂದ್ರ ಪ್ರಯೋಗ ಕೆಡತದವಾ,” ಎಂದರು ಮಾಸ್ತರರು, ಬಹಳ ಮೆತ್ತಗೆ.

ಪಕ್ಕದಲ್ಲಿ ಉಣ್ಣಲು ಕೂತಿದ್ದ ತಿಪ್ಪವ್ವ ತಾಟು ದೂಡಿದಳು. ಅಂದೇ ಅವಳನ್ನು ಕೆಲಸದಿಂದ ತೆಗೆದರು. ಉಳಿದವರು ಕಣ್ಣು ಮುಚ್ಚಿ ನುಂಗಿದರು.

ಕನ್ನಡ ನಾಡು ಒಂದಾದ ಹೊಸತು. ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬ ಗಿರಣಿಗೆ ಬಂದ. ಅವನು ಒಪ್ಪಿದರೆ ರಾಜ್ಯದ ಶಾಲೆಗಳಿಗೆಲ್ಲ ಹಿಂಡಿಯ ರೊಟ್ಟಿ. ಸಾವುಕಾರ ಹೆಂಗಸರಿಗೆ ಹೊಸ ಸೀರೆ ಉಡಿಸಿ ಸಾಲಾಗಿ ನಿಲ್ಲಿಸಿದ್ದ.

“ಕೇಳಿದರ ‘ಭಾಳ ಚಲೋ ಐತ್ರಿ’ ಅನ್ರಿ. ಬ್ಯಾರೆ ಮಾತು ಹೊಂಟ್ರ ನಾಲಿಗಿ ಕಿತ್ತೇನು!”

ಅಧಿಕಾರಿ ದುರಗವ್ವನ ಮುಂದೆ ನಿಂತ. “ಏನಮ್ಮಾ, ಹೇಗಿದೆ ಈ ರೊಟ್ಟಿ?”

ಚಲೋ ಐತಿ ಎಂದರೆ ನಾಳೆ ಶಾಲೆಯಲ್ಲಿ ಅವಳ ಮಗಳ ತಾಟಿಗೂ ಇದೇ. ಬೇರೆ ಮಾತಾಡಿದರೆ ಕೆಲಸ ಹೋಯಿತು. ದುರಗವ್ವ ಸೆರಗು ಸರಿಮಾಡಿಕೊಂಡಳು. ಕತ್ತು ಮುಂದೆ ಚಾಚಿದಳು.

“ಅಂಬಾ!”

ಅಧಿಕಾರಿ ಬೆಚ್ಚಿದ. “ಏನಂದೆ?”

“ಅಂಬಾ!” ಎಂದಳು ಪಕ್ಕದ ಹನಮಂತವ್ವ, ಸಾವಧಾನವಾಗಿ, ತಿಳಿಸಿ ಹೇಳುವವಳಂತೆ. ಅವಳಾಚೆ ಮಾಳವ್ವ. ಖೈರುನಬಿಯದಂತೂ ಖಾಸಾ ಕರು ಅಗಲಿದ ಆಕಳಿನ ದನಿ. ಮಾಸ್ತರರ ಕೈಯ ಲೇಖಣಿ ನಿಂತಲ್ಲೇ ನಿಂತಿತು.

“ಬೋಸೂಡೇರ! ಮನಷಾರಂಗ ಮಾತಾಡ್ರಿ!” ಸಾವುಕಾರ ಕೈ ಎತ್ತಿ ಬಂದ.

ದುರಗವ್ವ ತಲೆ ತಗ್ಗಿಸಿ, ಹಣೆ ಮುಂದೆ ಮಾಡಿ, ಕಾಲಿನಿಂದ ಒಮ್ಮೆ ನೆಲ ಕೆರೆದಳು.

ಸಾವುಕಾರ ಹಿಂದಕ್ಕೆ ಸರಿದ. ಅಷ್ಟರಲ್ಲಿ ಹೊಸ ಸೀರೆಗಳ ಇಡೀ ಸಾಲೇ ತಲೆ ತಗ್ಗಿಸಿತ್ತು.