ಎಡಗಡೆಯ ಹೆಜ್ಜೆ

ಯರಗಟ್ಟಿಯ ಕಾಳಿನ ವ್ಯಾಪಾರಿ ನಿಜಗುಣಪ್ಪನಿಗೆ ಒಂದು ಸಾಮಾನು ಕೊಳ್ಳಲು ಹತ್ತು ಅಂಗಡಿ ಹತ್ತಿಳಿಯುವ ಚಟ. ಒಂದು ಕೊಡೆ ಕೊಳ್ಳಬೇಕಾದರೂ ನಾಲ್ಕು ಕಡೆ ಬಿಚ್ಚಿ ಮಡಚಿ, ಬಿಸಿಲಿಗೆ ಹಿಡಿದು ನೋಡಿ, ಅಂಗಡಿಯವನ ತಾಳ್ಮೆಯನ್ನೂ ಪರೀಕ್ಷಿಸಿಯೇ ತರುವವನು. ಅಂಥವನು ಮಗಳ ಜೊತೆ ಬೈಲಹೊಂಗಲಕ್ಕೆ ಹೆಡ್‌ಫೋನ್ ತರಲು ಹೊರಟ ದಿನ ಮಾತ್ರ, ಮೊದಲ ಅಂಗಡಿಯಲ್ಲಿ ಮೊದಲು ಕಂಡದ್ದನ್ನೇ ಕಟ್ಟಿಸಿಕೊಂಡು ಬಂದುಬಿಡಬೇಕೆಂದು ನಿಶ್ಚಯಿಸಿದ್ದ. ಕಿವಿಯ ವಿಷಯ ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೆಯದು.

ಮಗಳು ಶೈಲಶ್ರೀ ಬಿ.ಕಾಂ. ಪಾಸಾಗಿದ್ದಳು. ಏನು ಬೇಕೋ ಕೇಳು ಎಂದು ಬಾಯಿಬಿಟ್ಟು ಹೇಳಿದವನು ಅವನೇ. ಸೀರೆ ಕೇಳಿಯಾಳು, ಹೆಚ್ಚೆಂದರೆ ಕೈಗಡಿಯಾರ ಎಂದುಕೊಂಡಿದ್ದ.

"ಒಂದ ಹೆಡ್‌ಫೋನ್ ಕೊಡಸ್ರಿ ಅಪ್ಪಾ. ಹಾಡಿಗೆ, ಸಿನಿಮಾಕ್ಕ, ಗೇಮಿಗೆ, ಮೂರಕ್ಕೂ ಆಗಬೇಕು," ಅಂದಿದ್ದಳು ಅವಳು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಶೈಲಶ್ರೀ ಏಳು ವರ್ಷದವಳಿದ್ದಾಗ, ಒಂದು ಮಧ್ಯಾಹ್ನ ಅಂಗಡಿಯಲ್ಲಿ ಅವನು ಅವಳಿಗೆ ಹೊಡೆದಿದ್ದ. ಕೆನ್ನೆಗೆಂದು ಎತ್ತಿದ ಕೈ ಎಡಗಿವಿಯ ಮೇಲೆ ಬಿತ್ತು. ಜೋಳದ ಚೀಲಕ್ಕೆ ಆತು ನಿಂತ ಹುಡುಗಿ ಅಳಲಿಲ್ಲ. ಕಿವಿ ಮುಚ್ಚಿಕೊಂಡು, ಈ ಸದ್ದು ಎಲ್ಲಿಂದ ಬಂತು ಎನ್ನುವ ಹಾಗೆ ಸುತ್ತ ನೋಡಿದಳು. ಜಡೆಯ ಕೆಂಪು ರಿಬ್ಬನ್ ಒಂದು ಬಿಚ್ಚಿ ಜೋತಾಡುತ್ತಿತ್ತು. ರಾತ್ರಿ ಕಿವಿ ನೋವೆಂದು ನರಳಿದಾಗ ಹೆಂಡತಿ ಅನ್ನಪೂರ್ಣಾ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಬಿಟ್ಟಳು. ಗಂಡನನ್ನು ಏನೂ ಕೇಳಲಿಲ್ಲ. ಅವನೂ ಏನೂ ಹೇಳಲಿಲ್ಲ.

ಅದಾದ ಮೇಲೆ ಹುಡುಗಿ ಕೆಲವು ಸಲ ಕರೆದರೆ ಓ ಎನ್ನದಾದಳು. ಸೊಕ್ಕು ಬಂದಿದೆ ಎಂದಳು ಅಜ್ಜಿ. ಶಾಲೆಯ ಟೀಚರೂ ಅದನ್ನೇ ಅಂದರು. ನಿಜಗುಣಪ್ಪ ಒಬ್ಬನೇ ಲಕ್ಷ್ಯ ಕೊಟ್ಟು ನೋಡಿದ. ಒಂದು ಸಂಜೆ ಅವಳು ಮಗ್ಗಿ ಬರೆಯುತ್ತ ಕುಳಿತಿದ್ದಾಗ ಎಡಗಡೆ ನಿಂತು ಮೆಲ್ಲಗೆ "ಶೈಲಾ" ಎಂದ. ತಿರುಗಲಿಲ್ಲ. ಬಲಗಡೆಗೆ ಹೋಗಿ ಅಷ್ಟೇ ಮೆಲ್ಲಗೆ ಕರೆದ. "ಏನ್ರಿ ಅಪ್ಪಾ?" ಎಂದಳು. ಅಂದಿನಿಂದ ಅವನು ಮಗಳನ್ನು ಎಡದಿಂದ ಕರೆದದ್ದಿಲ್ಲ. ಮಂದಿಯೆಲ್ಲ ಸೊಕ್ಕಿನವಳು ಎನ್ನುವಾಗ ಬಾಯಿ ತೆರೆಯಲಿಲ್ಲ. ಡಾಕ್ಟರ ಹತ್ತಿರ ಒಯ್ಯಲೂ ಇಲ್ಲ. ಒಯ್ದರೆ ಇದು ಹೇಗಾಯಿತು ಎಂದು ಅವರು ಕೇಳುತ್ತಾರಲ್ಲ. ಇಂಥ ಹೇಡಿಗೆ ಊರಲ್ಲಿ ಮರ್ಯಾದಸ್ಥ ಎಂಬ ಹೆಸರಿತ್ತು.

ಆ ಏಟಿನ ಸದ್ದು ಮಾತ್ರ ಅವನ ಬೆನ್ನು ಬಿಡಲಿಲ್ಲ. ಹಮಾಲರು ಬೆನ್ನ ಮೇಲಿನ ಚೀಲ ಇಳಿಸಿ ಒಗೆದರೆ ಸಾಕು, ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದ. ಚೀಲ ಒಡೆದೀತೆಂದು ಸಾವಕಾರರಿಗೆ ಜೀವಭಯ ಎಂದು ಅವರು ನಗುತ್ತಿದ್ದರು. ಗಾಳಿಗೆ ಬಾಗಿಲು ಬಡಿದುಕೊಂಡರೂ ಅದೇ ಸದ್ದು. ಮದುವೆಮನೆಯಲ್ಲಿ ಯಾರಾದರೂ ಚಪ್ಪಾಳೆ ತಟ್ಟಿದರೂ ಅದೇ. ಪೂಜೆಗೆ ಕುಳಿತು ಕಣ್ಣು ಮುಚ್ಚಿದರೆ ಇಷ್ಟಲಿಂಗಕ್ಕಿಂತ ಮೊದಲು ಆ ಕೆಂಪು ರಿಬ್ಬನ್ನೇ ಎದುರು ಬರುತ್ತಿತ್ತು.

ಬೈಲಹೊಂಗಲದ ಬಜಾರದಲ್ಲಿ ಕಲ್ಮೇಶನ ಮೊಬೈಲ್ ಅಂಗಡಿ. ಕಲ್ಮೇಶ ಮಾತಿನ ಮಲ್ಲ.

"ಹಾಡಿಗೊಂದು, ಸಿನಿಮಾಕ್ಕೊಂದು, ಗೇಮಿಗೊಂದು ಅಂತ ಮೂರು ತಗೋಳ್ಳೂದು ಬ್ಯಾಡ್ರಿ ಅಕ್ಕಾರ," ಎಂದು ಅವನು ಡಬ್ಬಿಗಳನ್ನು ಇಳಿಸಿದ. "ಹಾಡಿಗೆ ಡಗ್ಗಾದ ಗುಮಕಿ ಎದಿಗೆ ಬಡೀಬೇಕು. ಸಿನಿಮಾಕ್ಕ ಎಷ್ಟ ಗದ್ದಲ ಇದ್ರೂ ಮಾತು ಬಿಡಿಬಿಡಿಯಾಗಿ ಕೇಳಸಬೇಕು, ಮೂರು ತಾಸು ಹಾಕ್ಕೊಂಡ್ರೂ ಕಿವಿ ನೋಯಬಾರ್ದು. ಗೇಮಿನ ಕತಿನ ಬ್ಯಾರೆ. ಅಲ್ಲಿ ದಿಕ್ಕು ಗೊತ್ತಾಗಬೇಕು. ವೈರಿ ಯಾವ ಕಡಿಂದ ಬರಾಕತ್ಯಾನ ತಿಳೀಲಿಲ್ಲಂದ್ರ ನೀವು ಸತ್ರಿ. ಅದಕ್ಕ ವೈರ್ ಇದ್ದದ್ದ ತಗೋರಿ, ವೈರ್ ಇಲ್ಲದ್ದರಾಗ ಹೆಜ್ಜಿ ಸಪ್ಪಳ ಒಂದೀಟು ತಡಾ ಆಗಿ ಬರತೈತಿ."

"ಇದನ್ನ ಕಟ್ಟು," ಎಂದ ನಿಜಗುಣಪ್ಪ, ಎಲ್ಲಕ್ಕಿಂತ ಮೇಲಿದ್ದ ಡಬ್ಬಿ ತೋರಿಸಿ.

"ಹಂಗ ಕಟ್ಟೂದಿಲ್ರಿ ಸಾವಕಾರ್ರ. ನಮ್ಮ ಅಂಗಡ್ಯಾಗ ಪರೀಕ್ಷಾ ಮಾಡಿನ ಕೊಡೂದು."

ಕಲ್ಮೇಶನ ಪರೀಕ್ಷೆ ಇಡೀ ಬಜಾರಕ್ಕೆ ಗೊತ್ತು. ಗಿರಾಕಿ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಹೆಡ್‌ಫೋನಿನಲ್ಲಿ ಒಬ್ಬ ಮನುಷ್ಯ ಸುತ್ತಲೂ ನಡೆದಾಡಿದ ಸದ್ದು ಬರುತ್ತದೆ. ಅವನು ಎಲ್ಲಿದ್ದಾನೋ ಅಲ್ಲಿಗೆ ಬೆರಳು ತೋರಿಸಬೇಕು. ನೋಡುವವರಿಗಾಗಿ ಕಲ್ಮೇಶನ ಫೋನಿನ ಪರದೆಯ ಮೇಲೆ, ಒಂದು ತಲೆಯ ಚಿತ್ರದ ಸುತ್ತ ಕೆಂಪು ಚುಕ್ಕೆಯೊಂದು ಸುತ್ತುತ್ತಿರುತ್ತದೆ. ಗಿರಾಕಿಯ ಬೆರಳು ಚುಕ್ಕೆಯ ಜೊತೆ ತಿರುಗಿದರೆ ಹೆಡ್‌ಫೋನ್ ಪಾಸು.

ಶೈಲಶ್ರೀ ಕಣ್ಣು ಮುಚ್ಚಿ ಕುಳಿತಳು. ಚುಕ್ಕೆ ಬಲಕ್ಕೆ ಬಂತು, ಬೆರಳು ಬಲಕ್ಕೆ ಹೋಯಿತು. ಚುಕ್ಕೆ ಬೆನ್ನ ಹಿಂದಿನಿಂದ ಎಡಕ್ಕೆ ದಾಟಿತು. ಬೆರಳು ಗಾಳಿಯಲ್ಲಿ ನಿಂತುಕೊಂಡಿತು. ಆಮೇಲೆ ಮೆಲ್ಲಗೆ ಇಳಿದು ತೊಡೆಯ ಮೇಲೆ ಬಿತ್ತು. ನಿಜಗುಣಪ್ಪನಿಗೆ ಯಾವ ಸದ್ದೂ ಕೇಳಿಸುತ್ತಿರಲಿಲ್ಲ. ಮಗಳ ಎಡಗಡೆಯಲ್ಲಿ ಆ ಚುಕ್ಕೆ ಒಂದೇ ಸಮನೆ ನಡೆಯುತ್ತಿದ್ದುದು, ಅವಳು ಅದರ ಸುಳಿವೇ ಇಲ್ಲದೆ ಕುಳಿತದ್ದು ಮಾತ್ರ ಕಾಣುತ್ತಿತ್ತು. ಆ ನಡೆಯುವವನು ತಾನೇ ಎನಿಸಿತು ಅವನಿಗೆ.

"ಪೀಸ್ ಖರಾಬ್ ಐತಿ," ಎಂದು ಕಲ್ಮೇಶ ಎರಡನೆಯ ಡಬ್ಬಿ ಬಿಚ್ಚಿದ. ಅದೂ ಹಾಗೇ. ಮೂರನೆಯದೂ ಹಾಗೇ. ಕಲ್ಮೇಶ ಬೆವರಿದ. "ಸಾವಕಾರ್ರ, ಒಂದೀಟು ನೀವ ಹಾಕ್ಕೊಂಡು ಹೇಳ್ರಿ."

ಬೇಡವೆನ್ನಲು ನಿಜಗುಣಪ್ಪನಿಗೆ ನೆಪ ಸಿಗಲಿಲ್ಲ. ಹಾಕಿಕೊಂಡ. ಬಜಾರದ ಸದ್ದೆಲ್ಲ ಬಾಗಿಲು ಹಾಕಿದಂತೆ ನಿಂತುಹೋಯಿತು. ಆ ಮೌನದೊಳಗೆ ಒಬ್ಬ ನಡೆದು ಬಂದ. ಚಪ್ಪಲಿಯ ಸಪ್ಪಳ, ನೆಲದ ಮೇಲಿನ ಮರಳಿನ ಕರಕರ ಸಹಿತ. ಬಲಕ್ಕೆ ಬಂದ, ಬೆನ್ನ ಹಿಂದೆ ಹೋದ, ಎಡಕ್ಕೆ ಬಂದು ಕಿವಿಯ ಪಕ್ಕದಲ್ಲೇ ನಿಂತ. ಈಗ ಕೈ ಎತ್ತುತ್ತಾನೆ ಎಂದು ನಿಜಗುಣಪ್ಪನಿಗೆ ಖಾತ್ರಿಯಾಯಿತು. ತಲೆ ತಪ್ಪಿಸಿಕೊಂಡು ಎಡಕ್ಕೆ ಹೊರಳಿ ನೋಡಿದ. ಯಾರೂ ಇರಲಿಲ್ಲ. ಮಗಳು ಅವನನ್ನೇ ನೋಡುತ್ತಿದ್ದಳು.

"ಎಡಕ್ಕ ಏನೂ ಕೇಳಸೂದಿಲ್ಲ," ಎಂದ ಅವನು, ಹೆಡ್‌ಫೋನ್ ಕಿತ್ತಿಟ್ಟು.

ಕಲ್ಮೇಶ ತಾನೇ ಹಾಕಿಕೊಂಡು ನೋಡಿದ, ಅವನಿಗೆ ಎಡಕ್ಕೂ ಸರಿಯಾಗಿ ಕೇಳಿಸಿತು. ಸಾವಕಾರರ ಮುಖ ನೋಡಿದ.

"ಪೀಸ್ ಛಲೋ ಅದಾವ್ರಿ ಅಣ್ಣಾರ," ಎಂದಳು ಶೈಲಶ್ರೀ, ಬಹಳ ಸಹಜವಾಗಿ. "ನನಗ ಎಡಗಿವಿ ಕೇಳಸೂದಿಲ್ಲ. ಹುಟ್ಟಿದಾಗಿಂದ ಹಂಗ. ನೀವು ಸುಮ್ಮನ ಡಬ್ಬಿ ಬಿಚ್ಚಿದ್ರಿ, ನಾನ ಮೊದಲ ಹೇಳಬೇಕಿತ್ತು." ಆಮೇಲೆ ಅಪ್ಪನ ಕಡೆ ತಿರುಗಿದಳು. "ಅವ್ವಗ ಗೊತ್ತೈತಿ, ಅಕಿನ ನನಗ ಹೇಳಿದ್ದು. ನಿಮಗ ಹೇಳಬ್ಯಾಡ ಅಂದಿದ್ಲು, ಮನಸಿಗೆ ಹಚ್ಕೋತಾರ ಅಂತ."

ಹುಟ್ಟಿದಾಗಿಂದ. ಅನ್ನಪೂರ್ಣಾ ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿ ರೊಟ್ಟಿ ಬಡಿದು ಬಡಿಸುತ್ತ, ಗಂಡನಿಗಾಗಿ ಈ ಸುಳ್ಳನ್ನು ಕಾಪಾಡಿಕೊಂಡು ಬಂದಿದ್ದಳು. ನಿಜಗುಣಪ್ಪ ಸುಮ್ಮನಿದ್ದರೆ ಸಾಕಿತ್ತು. ಸತ್ತು ಮಣ್ಣಾಗುವವರೆಗೂ ಮಗಳಿಗೆ ತಿಳಿಯುತ್ತಿರಲಿಲ್ಲ.

ಕಲ್ಮೇಶ ಒಳ್ಳೆಯ ಮನುಷ್ಯ. ಎರಡೂ ಕಡೆಯ ಸದ್ದು ಒಂದೇ ಕಿವಿಗೆ ಬರುವ ಹಾಗೆ ಅವಳ ಫೋನಿನ ಸೆಟಿಂಗ್ ಬದಲಿಸಿ ಕೊಟ್ಟ. ಹಾಡು, ಸಿನಿಮಾ ಪೂರ್ತಿ ಕೇಳುತ್ತವೆ, ಆದರೆ ಗೇಮಿನಲ್ಲಿ ದಿಕ್ಕು ತಿಳಿಯುವುದಿಲ್ಲ ಎಂದು ಸಂಕೋಚದಿಂದ ಹೇಳಿದ. "ಇರಲಿ ಬಿಡ್ರಿ, ನಕಾಶಿ ಮ್ಯಾಲ ಹೆಜ್ಜಿ ಗುರುತು ತೋರಸತಾರ, ಕಣ್ಣಿಲೆ ನೋಡತೇನಿ," ಎಂದಳು ಅವಳು. ಹಾಡೊಂದನ್ನು ಹಚ್ಚಿ ಕೇಳಿದಾಗ ಅವಳ ಮುಖವೆಲ್ಲ ಅರಳಿತು. ಇಷ್ಟು ದಿನ ಹಾಡಿನ ಅರ್ಧ ವಾದ್ಯಗಳು ತನಗೆ ಕೇಳಿಸಿರಲೇ ಇಲ್ಲ ಎಂದು ನಕ್ಕಳು. ನಿಜಗುಣಪ್ಪನಿಗೆ ಆ ನಗು ನೋಡಲಾಗಲಿಲ್ಲ.

ಯರಗಟ್ಟಿಯ ಬಸ್ಸು ತುಂಬಿತ್ತು. ಶೈಲಶ್ರೀ ಯಾವಾಗಲೂ ಎಡಗಡೆಯ ಕಿಟಕಿ ಹಿಡಿಯುವವಳು. ಇವತ್ತು ಡ್ರೈವರನ ಕಡೆಯ ಸಾಲಿನಲ್ಲಿ ಮಾತ್ರ ಎರಡು ಸೀಟು ಸಿಕ್ಕವು. ಅವಳು ಕಿಟಕಿಗೆ ಕುಳಿತಳು, ಅವನು ಅವಳ ಎಡಕ್ಕೆ. ಹೆಡ್‌ಫೋನ್ ಅವಳ ಕೊರಳಲ್ಲಿತ್ತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಅವಳು ಅವನ್ನೇ ನೋಡುತ್ತಿದ್ದಳು.

"ಹುಟ್ಟಿದಾಗಿಂದ ಅಲ್ಲವ್ವಾ ಅದು," ಎಂದ ನಿಜಗುಣಪ್ಪ. "ನಾ ಹೊಡದಿದ್ದೆ. ನೀ ಸಣ್ಣಾಕಿ ಇದ್ದಿ. ಅಂಗಡ್ಯಾಗ. ನನ್ನ ಕೈಲಿಂದ ಆಗೇತಿ."

ಹೇಳಿದ್ದೇ ತಡ, ಎದೆ ಹಗುರಾಯಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನೀಳವಾಗಿ ಉಸಿರು ಬಿಟ್ಟ. ಮಗಳು ಕಿಟಕಿಯಿಂದ ಕತ್ತು ತಿರುಗಿಸಲಿಲ್ಲ. ಮುನಿಸಿರಬೇಕು, ಇರಲಿ ಎಂದುಕೊಂಡ. ಅವಳು ಟ್ರ್ಯಾಕ್ಟರ್ ಎಣಿಸುತ್ತ ಬೆರಳು ಮಡಚುತ್ತಿದ್ದುದು ಕಂಡ ಮೇಲೆ ಅವನಿಗೆ ಅರಿವಾಯಿತು: ಅವನು ಹೇಳಿದ್ದೆಲ್ಲ ಎಡಗಿವಿಗೆ. ಆ ಕಿವಿಗೆ ಕೇಳಿಸದೆಂದೇ ಅವನಿಗೆ ಬಾಯಿ ಬಂದಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸುಮ್ಮನಿರಬಹುದಿತ್ತು. ಈಗಲೂ ಸುಮ್ಮನಿರಬಹುದಿತ್ತು. ಅವನು ಎದ್ದು ನಿಂತು ಅವಳ ಭುಜ ಮುಟ್ಟಿದ. "ಈ ಕಡೆ ಸರಿಯವ್ವಾ. ನಾ ಕಿಟಕಿಗೆ ಕುಂದ್ರತೇನಿ."

ಗಾಳಿ ಬೇಕಿರಬೇಕೆಂದು ಅವಳು ಜಾಗ ಬಿಟ್ಟಳು. ಅವನು ಅವಳ ಬಲಕ್ಕೆ ಕುಳಿತ. ಅವೇ ಮಾತುಗಳನ್ನು ಇನ್ನೊಮ್ಮೆ ಹೇಳಿದ. ಈ ಸಲ ಒಂದೊಂದು ಮಾತೂ ತಡೆದು ತಡೆದು ಬಂತು. ಅವಳು ಅವನ ತುಟಿಗಳನ್ನೇ ನೋಡುತ್ತ ಕೇಳಿದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ಮಡಿಲಲ್ಲಿದ್ದ ಖಾಲಿ ಡಬ್ಬಿಯ ಅಂಚು ಸವರಿದಳು.

"ನಾ ಏನ್ ಮಾಡಿದ್ದೆ ಅಪ್ಪಾ?" ಎಂದು ಕೇಳಿದಳು ಆಮೇಲೆ.

ಅವನು ಬಾಯಿ ತೆರೆದ. ಚೀಲ ನೆನಪಿತ್ತು. ರಿಬ್ಬನ್ ನೆನಪಿತ್ತು. ಅಂಗೈ ಉರಿದದ್ದು, ತಕ್ಕಡಿ ಅಲುಗಾಡಿದ್ದು, ಬಾಗಿಲಲ್ಲಿ ನಿಂತ ಹಮಾಲ ಮುಖ ತಿರುಗಿಸಿದ್ದು, ಎಲ್ಲ ನಿನ್ನೆಯದೆಂಬಂತೆ ಇದ್ದವು. ಆ ಮಗು ಏನು ಮಾಡಿತ್ತು ಎಂಬುದು ಎಲ್ಲೂ ಇರಲಿಲ್ಲ. ದಿನವೂ ಆ ಸದ್ದನ್ನು ಕೇಳಿದ್ದ, ಆದರೆ ಈ ಪ್ರಶ್ನೆಯನ್ನು ಒಂದು ದಿನವೂ ತನಗೆ ತಾನು ಕೇಳಿಕೊಂಡಿರಲಿಲ್ಲ.

"ನೆನಪಿಲ್ಲವ್ವಾ," ಎಂದ.

ಬಸ್ಸಿನ ಸದ್ದಿನಲ್ಲಿ ತನಗೇ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು, ಶೈಲಶ್ರೀ ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದು ಕಾದಳು.