ಗೊಣಗದ ನಲವತ್ತು ದಿನ

ಪರದೆ ಹೊಲಿಯುವ ಟೈಲರನಿಗೆ ತಾಳ್ಮೆ ಇರಲಿಲ್ಲ. ಸೂಜಿ ಮುರಿದರೆ ಗೊಣಗುತ್ತಿದ್ದ, ಮುರಿಯದಿದ್ದರೆ ಇನ್ನೇನು ಮುರಿಯುತ್ತದೆಂದು ಗೊಣಗುತ್ತಿದ್ದ. ಹನ್ನೊಂದು ವರ್ಷ ತಪ್ಪದೆ ಚರ್ಚಿಗೆ ಹೋದರೂ ಅವನ ಪಾಲಿಗೆ ಬಂದ ಸೇವೆ ಅಲ್ಲಿನ ಕಿಟಕಿಗಳಿಗೆ ಪರದೆ ಹೊಲಿಯುವುದೊಂದೇ. ಶುಕ್ರವಾರದ ಪ್ರಾರ್ಥನಾ ಕೂಟವನ್ನು ತಾನು ನಡೆಸಬೇಕು, ಎದುರಿಗೆ ಹತ್ತು ಜನ ತಲೆಬಾಗಿ ಕೂತಿರಬೇಕು ಎಂಬುದು ಅವನ ಆಸೆ. ಕೇಳಿದಾಗಲೆಲ್ಲ ಹಿರಿಯರು ಬೆನ್ನು ತಟ್ಟಿ, ಇನ್ನೊಂದು ಕಿಟಕಿಯ ಅಳತೆ ಕೊಟ್ಟು ಕಳಿಸುತ್ತಿದ್ದರು.

ಹೀಗಿರುವಾಗ ಹೊಸ ಪಾಸ್ಟರ್ ಬಂದರು. ಅವರ ಬಳಿ ಒಂದೊಂದು ಕಷ್ಟಕ್ಕೂ ಒಂದೊಂದು ಕಾರ್ಡು ಇತ್ತು. ಕೆಲಸದ ಒತ್ತಡಕ್ಕೆ ಹಸಿರು, ನಿದ್ದೆ ಬಾರದವರಿಗೆ ನೀಲಿ, ಗೊಣಗುವವರಿಗೆ ಹಳದಿ. ಹಳದಿ ಕಾರ್ಡಿನಲ್ಲಿ ನಲವತ್ತು ಚೌಕ. ದಿನವಿಡೀ ಬಾಯಿಂದ ಒಂದೂ ದೂರು ಬಾರದಿದ್ದರೆ ಮನೆಯವರೊಬ್ಬರು ಆ ದಿನದ ಚೌಕಕ್ಕೆ ಸಹಿ ಹಾಕಬೇಕು. ಬಂದರೆ ಮತ್ತೆ ಒಂದರಿಂದ ಶುರು. ನಲವತ್ತನ್ನೂ ತುಂಬಿಸಿದವರಿಗೆ ಶುಕ್ರವಾರದ ಕೂಟ.

"ನಿಮ್ಮ ಕೈಲಿ ಆಗಲ್ಲ ಬಿಡಿ," ಎಂದಳು ಹೆಂಡತಿ. "ನಲವತ್ತು ನಿಮಿಷ ಅಂದಿದ್ರೂ ನಾನು ನಂಬ್ತಿರಲಿಲ್ಲ."

ಟೈಲರ್ ಬಾಯಿ ತೆರೆದ. ಕಾರ್ಡು ನೋಡಿದ. "ಸ್ತೋತ್ರ" ಎಂದು ಬಾಯಿ ಮುಚ್ಚಿದ.

ಒಂಬತ್ತನೆಯ ದಿನ ಹಲ್ಲುನೋವು ಹತ್ತಿತು. ಎಡಗಡೆ ಹಲ್ಲಿನಿಂದ ದಾರ ಕಡಿಯುತ್ತಿದ್ದವನು ಬಲಗಡೆಗೆ ಹೊರಳಿದ್ದನ್ನು ಹೆಂಡತಿ ಕಂಡಳು.

"ಹಲ್ಲು ನೋಯ್ತಿದ್ಯಾ?"

"ಚೆನ್ನಾಗಿದ್ದೀನಿ."

"ಹೌದು ಅಂದ್ರೆ ದೂರಲ್ಲ ಕಣ್ರೀ, ಉತ್ತರ."

"ನಾನು ಹೌದು ಅಂತ ಶುರು ಮಾಡಿದ್ರೆ ಎಲ್ಲಿಗೆ ಹೋಗಿ ನಿಲ್ತೀನಿ ಅಂತ ನಿಂಗೂ ಗೊತ್ತು. ಸುಮ್ನೆ ಸಹಿ ಹಾಕು."

ಹದಿನಾಲ್ಕನೆಯ ದಿನ ಅವಳು ಅವನನ್ನು ದಂತವೈದ್ಯೆಯ ಕುರ್ಚಿಗೆ ದೂಡಿದಳು. ವೈದ್ಯೆ ಹಲ್ಲಿನ ಮೇಲೆ ಸಣ್ಣ ಉಕ್ಕಿನ ಕಡ್ಡಿಯಿಂದ ತಟ್ಟಿದರು. ಟೈಲರನ ಎರಡೂ ಕಾಲು ಮೇಲೆದ್ದವು, ಕಣ್ಣಲ್ಲಿ ನೀರಾಡಿತು.

"ಇಲ್ಲಿ ನೋವಾ?"

"ಇಲ್ಲ. ಕರ್ತನ ಕೃಪೆ."

"ಮತ್ತೆ ಯಾಕೆ ಬಂದ್ರಿ?"

"ಇವಳು ಕರ್ಕೊಂಡು ಬಂದ್ಲು."

"ಎಕ್ಸ್‌ರೇ ತೆಗೆಯೋಣ," ಎಂದರು ವೈದ್ಯೆ. ನೋವೇ ಇಲ್ಲದ ಮೇಲೆ ಎಕ್ಸ್‌ರೇ ಎಂಥದ್ದೆಂದು ಟೈಲರ್ ಎದ್ದು ನಿಂತ. ಅವರು ಕೈಗವಸು ಕಳಚುತ್ತ, "ನಿಮ್ಮಿಷ್ಟ. ತಡ ಮಾಡಿದ್ರೆ ಒಂದು ಹಲ್ಲಿಗೇ ಮುಗಿಯಲ್ಲ, ಅಷ್ಟು ಹೇಳ್ತೀನಿ," ಎಂದರು.

ಮೂವತ್ತನೆಯ ದಿನದ ಹೊತ್ತಿಗೆ ಕೆನ್ನೆ ಊದಿತು. ಭಾನುವಾರ ಪಾಸ್ಟರ್ ವೇದಿಕೆಯಿಂದಲೇ ಬೆರಳು ತೋರಿಸಿದರು: "ನೋಡಿ, ಗೊಣಗೋದು ಬಿಟ್ಟ ಮೇಲೆ ಈ ಸಹೋದರನ ಮುಖ ಹೇಗೆ ತುಂಬ್ಕೊಂಡಿದೆ!" ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಪಾಸ್ಟರ್ ಮೈಕು ಸರಿಯಿಲ್ಲವೆಂದರು, ಫ್ಯಾನು ಸದ್ದು ಮಾಡುತ್ತದೆಂದರು, ಹಿಂದಿನ ಸಾಲಿನವರು ತಡವಾಗಿ ಬರುತ್ತಾರೆಂದರು. ಪಾಸ್ಟರಿಗೆ ಹಳದಿ ಕಾರ್ಡು ಇರಲಿಲ್ಲ.

ಮನೆಗೆ ಬಂದು ಟೈಲರ್ ಕನ್ನಡಿಯಲ್ಲಿ ಕೆನ್ನೆ ನೋಡಿಕೊಂಡ. ಊದಿದ್ದು ಹೌದು, ಆದರೆ ಹನ್ನೊಂದು ವರ್ಷದಲ್ಲಿ ಅವನಿಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಕಾರ್ಡನ್ನು ಹೆಂಡತಿಯ ಮುಂದೆ ಸರಿಸಿದ.

"ನಾನು ಮಾಡ್ತಿರೋದು ಸಹಿ ಅಲ್ಲ, ಪಾಪ," ಎಂದಳು. ಆದರೂ ಮಾಡಿದಳು.

ನಲವತ್ತನೆಯ ದಿನವೂ ಭಾನುವಾರ. ಕೊನೆಯ ಚೌಕದ ಸಹಿ ಸಭೆಯ ಎದುರಿಗೇ ಆಗಬೇಕಿತ್ತು. ಅಷ್ಟರಲ್ಲಿ ಟೈಲರನ ದವಡೆ ಚಮಚ ತೂರುವಷ್ಟೂ ತೆರೆಯುತ್ತಿರಲಿಲ್ಲ. ಸಾಕ್ಷಿ ಹೇಳೆಂದು ಮೈಕು ಕೊಟ್ಟರೆ "ಊಂ... ಊಂ..." ಎಂದ. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು: "ಪಾಪ, ಸಂತೋಷಕ್ಕೆ ಮಾತೇ ಬರ್ತಿಲ್ಲ."

ಪಾಸ್ಟರ್ ಟೈಲರನ ಹೆಂಡತಿಯ ಕೈಗೆ ಪೆನ್ನು ಕೊಟ್ಟರು. "ಸಹೋದರಿ, ಇವತ್ತು ಇವರು ಗೊಣಗಿದ್ರಾ?"

"ಇಲ್ಲ ಅಯ್ಯನವರೇ. ಗೊಣಗೋಕೆ ಬಾಯಿ ಎಲ್ಲಿದೆ? ದವಡೇಲಿ ಕೀವು ತುಂಬಿದೆ. ಮೂರು ದಿನದಿಂದ ನೀರೂ ಸರಿಯಾಗಿ ಇಳೀತಿಲ್ಲ. ನಿಮ್ಮ ಕಾರ್ಡು ಇವರನ್ನ ತಿಂತಾ ಇದೆ. ಮೊದಲು ಆಸ್ಪತ್ರೆ, ಆಮೇಲೆ ಸಹಿ."

ಪಾಸ್ಟರ್ ಮುಖದ ನಗೆ ಮಾಸಲಿಲ್ಲ.

"ಇದು ದೂರಲ್ವಾ, ಸಹೋದರಿ?"

"ಹೇಳಿದ್ದು ನಾನು, ಅವರಲ್ಲ."

"ಗಂಡ ಹೆಂಡತಿ ಒಂದೇ ಶರೀರ ಅಲ್ವಾ?"

ಪಾಸ್ಟರ್ ಹಳೆಯ ಕಾರ್ಡನ್ನು ಮಡಚಿ ಜೇಬಿಗಿಟ್ಟು ಹೊಸದೊಂದನ್ನು ಚಾಚಿದರು. ಟೈಲರ್ ಎರಡೂ ಕೈಯಲ್ಲಿ ಇಸಿದುಕೊಂಡ. ಹೆಂಡತಿ ಅದನ್ನು ಕಿತ್ತು ನೆಲಕ್ಕೆ ಎಸೆದು, ಅವನ ರಟ್ಟೆ ಹಿಡಿದು ಎರಡು ಸಾಲು ಬೆಂಚುಗಳ ನಡುವೆ ಎಳೆದುಕೊಂಡು ನಡೆದಳು.

ಆ ಶುಕ್ರವಾರದ ಕೂಟವನ್ನು ಎಂದಿನಂತೆ ಹಿರಿಯರೇ ನಡೆಸಿದರು. ಟೈಲರ್ ಕಳೆದುಕೊಂಡದ್ದು ನಾಲ್ಕು ಹಲ್ಲು, ಉಗುರಿನಷ್ಟು ದವಡೆಯ ಮೂಳೆ, ಮೂವತ್ತೊಂಬತ್ತು ದಿನ.